ದೇವರ ಕೋಣೆಯೊಳಗೆ ಟ್ರೊಂಬೋನ್

ಟ್ರೊಂಬೋನ್ ಊದುವವನ ಕಸುಬು ಬಹುಪಾಲು ಊದದೆ ಕೂತಿರುವುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮದ್ರಾಸಿನ ಕೋಡಂಬಾಕ್ಕಂನ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಐವತ್ತು ಜನರ ವಾದ್ಯವೃಂದದ ಹಿಂದೆ, ಬೆನ್ನು ಗೋಡೆಗೆ ತಾಗುವಷ್ಟು ಹಿಂದೆ, ನಾವು ಮೂವರು ಕೂರುತ್ತಿದ್ದೆವು. ನಮ್ಮ ಮುಂದಿನ ಕಾಗದದಲ್ಲಿ ನಲವತ್ತೆಂಟು ಆವರ್ತ ಮೌನ, ನಾಲ್ಕು ಆವರ್ತ ಸದ್ದು, ಮತ್ತೆ ಅರವತ್ತು ಆವರ್ತ ಮೌನ ಎಂದು ಬರೆದಿರುತ್ತಿತ್ತು. ಪಿಟೀಲಿನವರು ಬೆವರು ಸುರಿಸುತ್ತಿದ್ದರು. ನಾವು ಮನಸ್ಸಿನಲ್ಲೇ ಎಣಿಸುತ್ತಿದ್ದೆವು. ಒಮ್ಮೆ ನಾನು ಒಂದು ಆವರ್ತ ಮುಂಚೆ ಊದಿಬಿಟ್ಟೆ. ಆಗ ಎಲ್ಲವನ್ನೂ ಒಂದೇ ಸಲಕ್ಕೆ ರೆಕಾರ್ಡ್ ಮಾಡುವ ಕಾಲ. ಹಾಡುವವರು, ತಬಲದವರು, ನಲವತ್ತು ಪಿಟೀಲು, ಎಲ್ಲರೂ ನಿಲ್ಲಿಸಿ ಹಿಂದಿರುಗಿ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಬೈಯದೆ ಇದ್ದದ್ದರಿಂದ ಇವತ್ತಿಗೂ ನಾನು ಬಸ್ಸಿನಲ್ಲಿ ಕೂತಾಗಲೂ ಏನನ್ನೋ ಎಣಿಸುತ್ತಿರುತ್ತೇನೆ.

ಈ ಕಸುಬಿಗೆ ನಾನು ಆಯ್ಕೆಯಾದದ್ದು ಸಂಗೀತಜ್ಞಾನದಿಂದಲ್ಲ, ತೋಳಿನ ಉದ್ದದಿಂದ. ನಮ್ಮ ತಂದೆ ಉಡುಪಿ ಕಡೆಯಿಂದ ಬಂದು ಸ್ಟುಡಿಯೋಗಳ ಬೀದಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಕಾಲೇಜು ನನಗೂ, ನಾನು ಕಾಲೇಜಿಗೂ ಹಿಡಿಸದೆ ಹೋದ ಮೇಲೆ ನನ್ನನ್ನು ಅಲ್ಲೇ ಬಡಿಸಲು ನಿಲ್ಲಿಸಿದರು. ಮೂಲೆಯ ಮೇಜಿಗೆ ದಿನವೂ ಒಬ್ಬ ಆಂಗ್ಲೋ ಇಂಡಿಯನ್ ಹಿರಿಯರು ಬರುತ್ತಿದ್ದರು. ಬೆಳಿಗ್ಗೆ ಸಿನಿಮಾಕ್ಕೆ, ಸಂಜೆ ದೊಡ್ಡ ಹೋಟೆಲಿನ ಜಾಝ್ ಬ್ಯಾಂಡಿಗೆ ಟ್ರೊಂಬೋನ್ ಊದುವವರು. ನಾನು ನಿಂತಲ್ಲಿಂದಲೇ ಇಬ್ಬರು ಗಿರಾಕಿಗಳನ್ನು ದಾಟಿ ಅವರ ಎಲೆಗೆ ಸಾಂಬಾರು ಬಡಿಸುವುದನ್ನು ಅವರು ಒಂದು ವಾರ ನೋಡಿದರು. ಎಂಟನೆಯ ದಿನ, "ತಂಬಿ, ಈ ಕೈಯನ್ನು ಸಾಂಬಾರಿಗೆ ಹಾಳುಮಾಡಬೇಡ" ಎಂದರು. ತಂದೆಗೆ ಇದು ಬಡ್ತಿಯೋ ಅಧಃಪತನವೋ ತಿಳಿಯಲಿಲ್ಲ. ಕೊನೆಯವರೆಗೂ ತಿಳಿಯಲಿಲ್ಲವೆಂದೇ ನನ್ನ ಅನುಮಾನ.

ಟ್ರೊಂಬೋನ್ ನೋಡದವರಿಗಾಗಿ ಎರಡು ಮಾತು. ಅದರಲ್ಲಿ ಒತ್ತಲು ಗುಂಡಿಯಿಲ್ಲ, ಮುಚ್ಚಲು ತೂತಿಲ್ಲ. ಒಂದು ಹಿತ್ತಾಳೆಯ ಜೋಡಿ ಕೊಳವೆಯೊಳಗೆ ಇನ್ನೊಂದು ಜೋಡಿ ಕೊಳವೆ ಜಾರುತ್ತದೆ. ಅದಕ್ಕೆ ಸ್ಲೈಡ್ ಎನ್ನುತ್ತೇವೆ. ಹತ್ತಿರದಿಂದ ದೂರಕ್ಕೆ ಏಳು ಜಾಗಗಳಿವೆ. ಯಾವ ಜಾಗಕ್ಕೂ ಗುರುತಿಲ್ಲ, ಕೈಗೆ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆರನೆಯ ಜಾಗ ತೋಳು ಹೆಚ್ಚುಕಡಿಮೆ ಪೂರ್ತಿ ಚಾಚಿದಾಗ ಸಿಗುತ್ತದೆ. ಅಲ್ಲಿ ತಗ್ಗಿನ ಎಫ್ ಸ್ವರ ಇದೆ, ತುಂಬಿದ ಹಂಡೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಂಥ ಸದ್ದು. ನನ್ನ ಗುರುಗಳಾದ ಆ ಹಿರಿಯರು ಜಾಝ್‌ನ ನಿಧಾನದ ಹಾಡುಗಳನ್ನು ಆ ಎಫ್‌ನಲ್ಲೇ ಮುಗಿಸುತ್ತಿದ್ದರು. "ಮೇಲೆ ಹೋಗಿ ಕಿರುಚುವುದು ಯಾರಿಗೂ ಬರುತ್ತದೆ. ಕೆಳಗಿಳಿದು ಸಭ್ಯನಾಗಿ ನಿಲ್ಲುವುದನ್ನು ಕಲಿ" ಎನ್ನುತ್ತಿದ್ದರು. ಕೆಳಗಿಳಿಯುವುದನ್ನು ನಾನು ಕಲಿತೆ. ಸಭ್ಯತೆಯ ವಿಷಯ ಇತರರು ಹೇಳಬೇಕು.

ವಾದ್ಯ ಮನೆಗೆ ಬಂದ ವರ್ಷವೇ ನಮ್ಮ ತಾಯಿ ಅದರ ಮೇಲೊಂದು ಶಾಸನ ಹೊರಡಿಸಿದರು. ಟ್ರೊಂಬೋನಿನ ತುದಿಯಲ್ಲಿ ಒಂದು ಸಣ್ಣ ಕೀಲಿ ಇದೆ, ಅದನ್ನು ಒತ್ತಿದರೆ ಒಳಗೆ ಕೂಡಿದ ನೀರು ಹೊರಬೀಳುತ್ತದೆ. ಆ ನೀರು ಎಲ್ಲಿಂದ ಬಂತೆಂದು ತಾಯಿ ಕೇಳಿದರು. ನಾನು ಹೇಳಿದೆ. ಅಲ್ಲಿಗೆ ಅದು ಎಂಜಲು ವಾದ್ಯವಾಯಿತು. ಕೃಷ್ಣನ ಕೊಳಲೂ ಬಾಯಿಂದಲೇ ಊದುವುದಲ್ಲವೇ ಎಂದು ವಾದಿಸಿದೆ. "ಅವನದ್ದು ತೊಟ್ಟಿಕ್ಕುದಿಲ್ಲ" ಎಂದರು.

ಆಯುಧಪೂಜೆಗೆ ಮಾತ್ರ ಇಕ್ಕಟ್ಟಾಯಿತು. ನಮ್ಮಲ್ಲಿ ಅಷ್ಟಮಿಯ ದಿನ ಪುಸ್ತಕ, ಹಾರ್ಮೋನಿಯಂ, ಈಳಿಗೆಮಣೆ, ಹೊಲಿಗೆ ಯಂತ್ರ ಎಲ್ಲವನ್ನೂ ಪೂಜೆಗಿಡುತ್ತಾರೆ. ದಶಮಿಯ ಬೆಳಿಗ್ಗೆಯವರೆಗೆ ಅವನ್ನು ಮುಟ್ಟುವಂತಿಲ್ಲ. ಅನ್ನ ಕೊಡುವ ವಾದ್ಯವನ್ನು ಬಿಟ್ಟರೆ ತಪ್ಪು, ಎಂಜಲನ್ನು ದೇವರ ಬಳಿ ಇಟ್ಟರೂ ತಪ್ಪು. ತಾಯಿ ಮೂರು ದಿನ ಯೋಚಿಸಿ ತೀರ್ಪು ಕೊಟ್ಟರು: ಟ್ರೊಂಬೋನ್ ದೇವರ ಕೋಣೆಯ ಹೊಸ್ತಿಲಿನ ಹೊರಗೆ ಮಣೆಯ ಮೇಲೆ ಕೂರತಕ್ಕದ್ದು. ತುಟಿ ತಾಗುವ ಮೌತ್‌ಪೀಸನ್ನು ಕಳಚಿ ಬೇರೆಲ್ಲಾದರೂ ಇಡತಕ್ಕದ್ದು. ಗಂಧ ಕುಂಕುಮ ದೂರದಿಂದ ಎಸೆಯತಕ್ಕದ್ದು. ಐವತ್ತು ವರ್ಷ ಹೀಗೇ ನಡೆಯಿತು. ತಾಯಿ ಹೋದ ಮೇಲೆ ಶಾಸನದ ರಕ್ಷಣೆ ಅಕ್ಕನಿಗೆ ಬಂತು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ವಿಮಾ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತಳಾದಳು. ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಒಂದೆರಡು ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಮೂಲೆಯಲ್ಲಿದ್ದ ವಾದ್ಯವನ್ನು ನೋಡಿದರು, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದರು. ಈಗ ನಾವಿಬ್ಬರೂ ಕೋಡಂಬಾಕ್ಕಂನ ಎರಡನೆಯ ಮಹಡಿಯಲ್ಲಿದ್ದೇವೆ. ಅಕ್ಕ ನನ್ನ ಕಛೇರಿ ಒಂದನ್ನೂ ಕೇಳಿದವಳಲ್ಲ. ಹೋಟೆಲಿನ ಡ್ಯಾನ್ಸ್ ಹಾಲಿಗೆ ಅವಳು ಬರುವ ಪ್ರಶ್ನೆಯಿರಲಿಲ್ಲ. ಸ್ಟುಡಿಯೋದೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ನಾನು ಅಭ್ಯಾಸ ಶುರು ಮಾಡಿದರೆ ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅದನ್ನು ನಾನು ವಿಮರ್ಶೆಯೆಂದು ತಿಳಿದಿದ್ದೆ.

ಸ್ಟುಡಿಯೋದ ಕೆಲಸ ಒಂದು ದಿನ ನಿಲ್ಲಲಿಲ್ಲ, ತೆಳುವಾಗುತ್ತ ಹೋಯಿತು. ಮೂವರು ಟ್ರೊಂಬೋನಿನವರು ಇಬ್ಬರಾದೆವು, ಆಮೇಲೆ ನಾನೊಬ್ಬನೇ. ನನ್ನ ಜಾಗಕ್ಕೆ ಬಂದದ್ದು ಮನುಷ್ಯನೂ ಅಲ್ಲ, ಕೀಬೋರ್ಡಿನ ಒಂದು ಗುಂಡಿ. ಅದನ್ನು ಒತ್ತಿದರೆ ನನ್ನಂಥವರು ನಾಲ್ಕು ಜನ ಒಟ್ಟಿಗೆ ಊದುತ್ತಾರೆ, ಎಣಿಕೆ ತಪ್ಪುವುದಿಲ್ಲ, ಕಾಫಿ ಕೇಳುವುದಿಲ್ಲ. ನಾನು ಶಾಲೆಗಳ ಬ್ಯಾಂಡಿಗೆ ಪಾಠ ಹೇಳಿದೆ, ಮದುವೆ ಮೆರವಣಿಗೆಗಳಲ್ಲಿ ನಡೆದೆ, ಭಾನುವಾರ ಸಂಜೆ ನಾಲ್ಕು ಜನ ಹಳೆಯ ಗೆಳೆಯರೊಂದಿಗೆ ಯಾರದೋ ಗ್ಯಾರೇಜಿನಲ್ಲಿ ಜಾಝ್ ನುಡಿಸಿದೆ. ನಾಲ್ವರು ಮೂವರಾಗಿ, ಮೂವರು ಇಬ್ಬರಾಗಿ, ಈಗ ಗ್ಯಾರೇಜಿನಲ್ಲಿ ಕಾರು ನಿಂತಿದೆ.

ಹೀಗಿರುವಾಗ ಈ ವರ್ಷ ಒಂದು ಹುಡುಗಿ ಫೋನ್ ಮಾಡಿದಳು. ಡಬಲ್ ಬಾಸ್ ನುಡಿಸುತ್ತಾಳೆ, ಪಿಯಾನೋ, ಡ್ರಮ್ಸ್ ಜೊತೆ ಸೇರಿಸಿ ಒಂದು ತಂಡ ಕಟ್ಟಿದ್ದಾಳೆ, ಎಲ್ಲರಿಗೂ ಮೂವತ್ತರೊಳಗಿನ ವಯಸ್ಸು. ವಿಜಯದಶಮಿಯ ಸಂಜೆ ಏಳಕ್ಕೆ ಒಂದು ಸಣ್ಣ ಸಭಾಂಗಣದಲ್ಲಿ ಕಾರ್ಯಕ್ರಮ.

"ಅಂಕಲ್, ಹಿಂದಿನ ಸೆಕ್ಷನ್‌ನಲ್ಲಿ ಕೂರೋದಲ್ಲ. ನೀವೇ ಮುಂದೆ ನಿಲ್ಲಬೇಕು. ಸ್ಲೋ ಸಾಂಗ್‌ನಲ್ಲಿ ಒಂದು ಪೂರ್ತಿ ಸುತ್ತು ನಿಮ್ಮೊಬ್ಬರದೇ, ಎಂಡಿಂಗ್ ಕೂಡ ನಿಮ್ಮದೇ" ಎಂದಳು.

ಮೂವತ್ತೆರಡು ಆವರ್ತ, ನಾನೊಬ್ಬನೇ. ಐವತ್ತು ವರ್ಷದಲ್ಲಿ ಯಾರೂ ನನಗೆ ಎಂಟಕ್ಕಿಂತ ಹೆಚ್ಚು ಕೊಟ್ಟಿರಲಿಲ್ಲ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಮುಂದಿನ ಸಾಲು. ಎರಡನೆಯ ಸಲ ಬರುತ್ತದೆಂದು ನಂಬುವಷ್ಟು ದಡ್ಡ ನಾನಲ್ಲ. ಒಪ್ಪಿಕೊಂಡೆ. ರಾತ್ರಿ ಊಟದಲ್ಲಿ ಅಕ್ಕನಿಗೆ ಹೇಳಿದೆ. ಅವಳು ಸಾರು ಕಲಸುತ್ತ, "ನಾನೂ ಬರ್ತೇನೆ" ಎಂದಳು.

"ನೀನು ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಟಿಕೆಟ್ ಬೇಡ ಅಂತ ನೀನೇ ಹೇಳಿದ್ದಲ್ವಾ."

ಅಷ್ಟಮಿಯ ಬೆಳಿಗ್ಗೆ ನಾನು ಕಪ್ಪು ಕೋಟನ್ನು ಇಸ್ತ್ರಿಗೆ ಕೊಡಲು ಹೋದೆ. ಆ ಕೋಟು ಹನ್ನೆರಡು ವರ್ಷ ಕಪಾಟಿನಲ್ಲಿ ನನಗಾಗಿ ಕಾದಿತ್ತು, ನಾನು ಮಾತ್ರ ಅಷ್ಟೇ ಅಳತೆಯಲ್ಲಿ ಕಾದಿರಲಿಲ್ಲ. ದರ್ಜಿಯವನ ಬಳಿ ಗುಂಡಿ ಜರುಗಿಸಿಕೊಂಡು ಬರುವಷ್ಟರಲ್ಲಿ ಹನ್ನೊಂದಾಯಿತು. ಮನೆಗೆ ಬಂದು ನೋಡಿದರೆ ಹೊಸ್ತಿಲಿನ ಹೊರಗಿನ ಮಣೆ ಖಾಲಿ. ಟ್ರೊಂಬೋನಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಅಕ್ಕ, ವಾದ್ಯ ಎಲ್ಲಿ?"

"ಒಳಗೆ."

ದೇವರ ಕೋಣೆಯೊಳಗೆ, ಶಾರದೆಯ ಪಟದ ಕೆಳಗೆ, ಹಾರ್ಮೋನಿಯಂ ಮತ್ತು ಅಕ್ಕನ ವಿಷ್ಣುಸಹಸ್ರನಾಮದ ಮಧ್ಯೆ ಅದು ನಿಂತಿತ್ತು. ನಿಂತದ್ದಷ್ಟೇ ಅಲ್ಲ, ಹೊಳೆಯುತ್ತಿತ್ತು. ಐವತ್ತು ವರ್ಷದ ಕಂದು, ಹಸಿರು, ಬೆರಳಿನ ಗುರುತು ಎಲ್ಲ ಮಾಯವಾಗಿ ಮದುವೆಮನೆಯ ಕೊಳದಪ್ಪಲೆಯಂತೆ ಥಳಥಳಿಸುತ್ತಿತ್ತು. ಗಂಧದ ಮೂರು ಗೆರೆ, ನಡುವೆ ಕುಂಕುಮ, ಗಂಟೆಯಂಥ ಬಾಯಿಗೆ ಸೇವಂತಿಗೆಯ ಮಾಲೆ.

"ಹೇಗೆ ತೊಳೆದೆ?"

"ಹೇಗೆ ಅಂದ್ರೆ? ಹುಣಸೆಹಣ್ಣು ಹಾಕಿ. ಆಮೇಲೆ ಹಿತ್ತಾಳೆ ಪುಡಿ. ಟೆರೇಸಿಗೆ ತಕ್ಕೊಂಡು ಹೋಗಿ ಒಗೆಯುವ ಕಲ್ಲಿನ ಹತ್ರ ಕೂತು ಎರಡು ಗಂಟೆ ಉಜ್ಜಿದೆ. ಆ ಉದ್ದ ಕೊಳವೆ ಎರಡಾಗಿ ಬಿಚ್ಚಿಕೊಳ್ತದೆ, ಗೊತ್ತುಂಟಾ ನಿಂಗೆ?"

ನನಗೆ ಗೊತ್ತಿತ್ತು.

"ಒಳಗೂ ಹುಣಸೆ ನೀರು ಹೊಯ್ದು ಕುಲುಕಿಸಿದೆ. ಎಂತ ಕೊಳಕು ಮಾರಾಯ, ಅಪ್ಪನ ಕಾಲದ್ದೂ ಇತ್ತು ಕಾಣ್ತದೆ. ಈಗ ಒಂದು ತೊಟ್ಟು ಎಂಜಲಿಲ್ಲ. ಅಮ್ಮ ಇದ್ರೂ ಒಳಗೆ ಬಿಡ್ತಿದ್ಲು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಬೆರಳ ತುದಿಗಳು ಸುಕ್ಕಾಗಿ ಬಿಳಿಚಿದ್ದವು. "ನಿನ್ನ ಕಾರ್ಯಕ್ರಮ ಅಲ್ವಾ. ಈ ಸಲವಾದ್ರೂ ಒಳಗೆ ಕೂರ್ಲಿ ಅಂತ. ಈ ಬಾಯಿದು ಮಾತ್ರ ಎಂತ ಮಾಡುದು ಅಂತ ಗೊತ್ತಾಗ್ಲಿಲ್ಲ" ಎಂದು ಮೌತ್‌ಪೀಸನ್ನು ಒಂದು ಚಮಚದ ತುದಿಯಲ್ಲಿ ಎತ್ತಿ ನನ್ನತ್ತ ಚಾಚಿದಳು.

ಓದುಗರು ತಿಳಿಯಬೇಕಾದದ್ದು ಇಷ್ಟು. ಸ್ಲೈಡಿನ ಒಳಕೊಳವೆಗೂ ಹೊರಕೊಳವೆಗೂ ನಡುವೆ ಒಂದು ಕೂದಲಿನಷ್ಟು ಜಾಗ ಇರುತ್ತದೆ. ಅದನ್ನು ಐವತ್ತು ವರ್ಷ ನಾನು ಎಣ್ಣೆ, ಕೋಲ್ಡ್ ಕ್ರೀಮು, ನೀರಿನ ಹನಿ ಎಂದು ಶುಶ್ರೂಷೆ ಮಾಡಿಕೊಂಡು ಬಂದಿದ್ದೆ. ಅಲ್ಲಿಗೆ ಹಿತ್ತಾಳೆ ಪುಡಿ ಹೋಗಿ ಒಣಗಿದರೆ ಸ್ಲೈಡ್ ಜಾರುವುದಿಲ್ಲ. ಬಲವಂತ ಮಾಡಿದರೆ ಗೀಚುತ್ತದೆ, ಗೀಚಿದರೆ ಮುಗಿಯಿತು. ಅದು ಹಾಗಾಗಿದೆಯೋ ಇಲ್ಲವೋ ಎಂದು ತಿಳಿಯಲು ಮಾಡಬೇಕಾದದ್ದು ಒಂದೇ, ಕೈಯಲ್ಲಿ ಹಿಡಿದು ಒಮ್ಮೆ ಎಳೆದು ನೋಡುವುದು. ಅದು ದಶಮಿಯ ಬೆಳಿಗ್ಗೆಯವರೆಗೆ ಸಾಧ್ಯವಿರಲಿಲ್ಲ.

ಯಾಕೆ ಸಾಧ್ಯವಿರಲಿಲ್ಲ, ನೀನೇನು ಅಷ್ಟು ದೈವಭಕ್ತನೇ ಎಂದು ನನ್ನನ್ನೇ ಆ ಎರಡು ದಿನದಲ್ಲಿ ಹಲವು ಸಲ ಕೇಳಿಕೊಂಡೆ. ನನ್ನ ನಾಸ್ತಿಕತೆ ಹೊಸ್ತಿಲಿನವರೆಗೆ ಚೆನ್ನಾಗಿ ನಡೆಯುತ್ತದೆ. ಅದರಾಚೆ ಅಕ್ಕನ ಆ ಬಿಳಿಚಿದ ಬೆರಳುಗಳಿದ್ದವು. ಐವತ್ತು ವರ್ಷ ಹೊರಗೆ ಕೂತದ್ದನ್ನು ಅವಳು ಒಳಗೆ ಕರೆದಿದ್ದಳು. ಆ ಹೊತ್ತಿನಲ್ಲಿ ಹೋಗಿ ನೀನು ನನ್ನ ವಾದ್ಯ ಹಾಳು ಮಾಡಿದೆಯಾ ನೋಡುತ್ತೇನೆ ಎನ್ನುವ ಬಾಯಿ ನನಗಿರಲಿಲ್ಲ. ಬಾಯಿ, ಅಂದರೆ ಮೌತ್‌ಪೀಸು, ಜೇಬಿನಲ್ಲಿತ್ತು.

ಹಾಗಾಗಿ ನಾನು ದೇವರಿಗೆ ನಮಸ್ಕಾರ ಮಾಡತೊಡಗಿದೆ. ಅಷ್ಟಮಿಯ ದಿನ ಆರು ಸಲ, ನವಮಿಯ ಮಧ್ಯಾಹ್ನದೊಳಗೆ ಒಂಬತ್ತು ಸಲ. ಹೊಸ್ತಿಲಿನಲ್ಲಿ ಕೈಮುಗಿದು ನಿಂತು ಕಣ್ಣನ್ನು ಸ್ಲೈಡಿನ ಉದ್ದಕ್ಕೂ ಓಡಿಸುತ್ತಿದ್ದೆ. ಅಕ್ಕ ಅಡುಗೆಮನೆಯಿಂದ ಇದನ್ನು ಗಮನಿಸಿ, "ವಯಸ್ಸಾದ ಮೇಲಾದ್ರೂ ಬುದ್ಧಿ ಬಂತು" ಎಂದಳು. ಒಂಬತ್ತನೆಯ ನಮಸ್ಕಾರದಲ್ಲಿ ದೀಪದ ಬೆಳಕು ಹೊರಕೊಳವೆಯ ಮೇಲೆ ಒಂದು ಗೆರೆಯಾಗಿ ಬಿದ್ದಿತ್ತು. ಗೆರೆ ನೇರವಾಗಿ ಇಳಿದು ಬಂದು ಒಂದು ಕಡೆ, ಕಡಲೆಬೇಳೆಯಷ್ಟು ಅಗಲಕ್ಕೆ, ಕುಸಿದು ಮತ್ತೆ ನೇರವಾಯಿತು. ನಾನು ತಲೆಯನ್ನು ಎಡಕ್ಕೆ ವಾಲಿಸಿದೆ. ಬಲಕ್ಕೆ ವಾಲಿಸಿದೆ. ಕುಸಿತ ಅಲ್ಲೇ ಇತ್ತು. ಹಿಂದೆ ಇರಲಿಲ್ಲ. ಹುಣಸೆಹಣ್ಣು ಹಿತ್ತಾಳೆಯನ್ನು ತಗ್ಗು ಮಾಡುವುದಿಲ್ಲ. ಕಲ್ಲು ಮಾಡುತ್ತದೆ.

ಪಲ್ಲಾವರಂನಲ್ಲಿ ಹಳೆಯ ಬ್ಯಾಂಡ್ ವಾದ್ಯಗಳನ್ನು ದುರಸ್ತಿ ಮಾಡುವ ಒಬ್ಬರಿದ್ದಾರೆ, ನನ್ನಷ್ಟೇ ವಯಸ್ಸಿನವರು, ಒಂದು ಕಾಲದಲ್ಲಿ ಬ್ಯಾಂಡಿನಲ್ಲಿ ತುತ್ತೂರಿ ಊದಿದವರು. ಮಹಡಿಯ ಮೆಟ್ಟಿಲಿಗೆ ಹೋಗಿ ಅವರಿಗೆ ಫೋನ್ ಮಾಡಿದೆ.

"ಇವತ್ತು ಹೇಗೆ ಆಗುತ್ತೆ ಸಾರ್? ಸುತ್ತಿಗೆ, ರಾಡು, ಬೆಸುಗೆ ಕೋಲು, ಎಲ್ಲಾ ಪೂಜೆಯಲ್ಲಿ ಕೂತಿದೆ" ಎಂದರು ತಮಿಳಿನಲ್ಲಿ.

"ನನ್ನ ವಾದ್ಯವೂ ಕೂತಿದೆ."

"ಹಾಗಾದರೆ ಇಬ್ಬರೂ ಸುಮ್ಮಾ ಇರೋಣ. ನಾಳೆ ಬೆಳಿಗ್ಗೆ ಬನ್ನಿ. ಒಣಗಿರುವಾಗ ಮಾತ್ರ ಎಳೆಯಬೇಡಿ."

ಬೇರೆ ಟ್ರೊಂಬೋನ್ ಎರವಲು ಸಿಗುತ್ತದೆಯೇ ಎಂದು ನೋಡಿದೆ. ನನಗೆ ಗೊತ್ತಿದ್ದ, ಇನ್ನೂ ಸದ್ದು ಬರುವ ಇನ್ನೊಂದು ಟ್ರೊಂಬೋನ್ ಎಣ್ಣೂರಿನಲ್ಲಿತ್ತು, ಒಂದು ಮದುವೆ ಬ್ಯಾಂಡಿನಲ್ಲಿ. ಅದು ದಶಮಿಯ ಸಂಜೆ ಮೆರವಣಿಗೆಗೆ ಹೋಗಬೇಕಂತೆ. ಉಳಿದದ್ದು ಜೇಬಿನ ಮೌತ್‌ಪೀಸೊಂದೇ. ತಾಯಿಯ ಶಾಸನದ ಪ್ರಕಾರ ಅದು ಪೂಜೆಗೆ ಸೇರದ್ದು, ಆದ್ದರಿಂದ ಮುಟ್ಟಬಹುದಾದದ್ದು. ಎರಡು ದಿನ ಬಿಟ್ಟರೆ ತುಟಿಗೆ ಮರೆವು ಬರುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬರಿಯ ಮೌತ್‌ಪೀಸಿನಲ್ಲಿ ಮೂವತ್ತೆರಡು ಆವರ್ತವನ್ನೂ ಊದಿದೆ. ಅದರ ಸದ್ದು ಮುದಿ ದುಂಬಿಯೊಂದು ಕೊಡದೊಳಗೆ ಸಿಕ್ಕಿಬಿದ್ದಂತೆ. ಕೆಳಗಿನ ಮನೆಯವರು ಮೇಲೆ ಬಂದು, ನಿಮ್ಮ ಮೋಟಾರಿನಲ್ಲಿ ಗಾಳಿ ಸೇರಿಕೊಂಡಿದೆ, ಪ್ಲಂಬರನ್ನು ಕರೆಸಿ ಎಂದು ಅಕ್ಕನಿಗೆ ಹೇಳಿ ಹೋದರು.

ದಶಮಿಯ ಬೆಳಿಗ್ಗೆ ಆರೂವರೆಗೆ ಅಕ್ಕ ಮಂಗಳಾರತಿ ಮಾಡಿ ಬದಿಗೆ ಸರಿದಳು. ವಿಜಯದಶಮಿಯಂದು ವಾದ್ಯವನ್ನು ಎತ್ತಿಕೊಂಡವನು ದೇವರೆದುರು ಸ್ವಲ್ಪ ನುಡಿಸಿಯೇ ಏಳಬೇಕು. ಇಷ್ಟು ವರ್ಷ ಹೊಸ್ತಿಲಿನ ಹೊರಗಿನಿಂದ ನುಡಿಸಿದ್ದೆ. ಈಗ ಒಳಗೆ, ಅಕ್ಕನಿಂದ ಎರಡಡಿ ದೂರದಲ್ಲಿ. ಮೌತ್‌ಪೀಸ್ ಸಿಕ್ಕಿಸಿದೆ. ಸ್ಲೈಡ್ ಜಾರದಂತೆ ಹಿಡಿಯುವ ಕೊಂಡಿ ತೆಗೆಯಲಿಲ್ಲ. ಕೊಂಡಿ ಹಾಕಿಯೇ ಮೊದಲನೆಯ ಜಾಗದಲ್ಲಿ ಸಿಗುವ ಒಂದೇ ಒಂದು ಸ್ವರವನ್ನು, ಉಸಿರಿರುವಷ್ಟು ಹೊತ್ತು ಊದಿದೆ. ಶಾರದೆಯ ಪಟದ ಗಾಜು ಕಂಪಿಸಿತು. ಹುಣಸೆಯ ವಾಸನೆ ಮೂಗಿಗೆ ಬಂತು.

"ಇಷ್ಟೇನಾ?" ಎಂದಳು ಅಕ್ಕ.

"ದೇವರಿಗೆ ಇಷ್ಟು ಸಾಕು."

"ಕೈ ಆಡಿಸ್ಲೇ ಇಲ್ಲ ನೀನು."

"ಸಂಜೆಗೆ ಉಳಿಸಿಕೊಂಡಿದ್ದೇನೆ. ಈಗ ಪಲ್ಲಾವರಂಗೆ ಹೋಗಿ ಸ್ವಲ್ಪ ಎಣ್ಣೆ ಹಾಕಿಸಿಕೊಂಡು ಬರ್ತೇನೆ."

ಅವಳು ಒಮ್ಮೆ ಸ್ಲೈಡಿನತ್ತ ನೋಡಿದಳು. ಆಮೇಲೆ ಕರ್ಪೂರದ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಅಂದು ಶುಕ್ರವಾರ, ಪಲ್ಲಾವರಂನಲ್ಲಿ ಸಂತೆ. ರೈಲಿನಿಂದ ಇಳಿದವನು ಹಳೆಯ ಫ್ಯಾನು, ಕುಂಟ ಕುರ್ಚಿ, ಪಂಜರದ ಗಿಣಿಗಳ ನಡುವೆ ಶವಪೆಟ್ಟಿಗೆಯಂಥ ನನ್ನ ಪೆಟ್ಟಿಗೆಯನ್ನು ಎದೆಗವುಚಿಕೊಂಡು ನಡೆದೆ. ಮೂರು ಜನ ಅದಕ್ಕೆ ಬೆಲೆ ಕೇಳಿದರು. ದುರಸ್ತಿಯವರ ಅಂಗಡಿಯಲ್ಲಿ ಸುತ್ತಿಗೆಗಳಿಗೆಲ್ಲ ಇನ್ನೂ ಗಂಧ ಕುಂಕುಮ ಇತ್ತು. ಅವರು ಸ್ಲೈಡನ್ನು ಬಿಚ್ಚಿ ಒಳಗೊಂದು ಬಟ್ಟೆ ತೂರಿಸಿ ಎಳೆದರು. ಬಟ್ಟೆ ಕೆಂಪು ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿ ಹೊರಬಂತು. ಅವರು ಅದನ್ನು ಮೂಸಿದರು.

"ಪುಳಿ?"

"ಹುಂ."

"ಯಾರು ಸಾರ್ ತೊಳೆದದ್ದು?"

"ನಾನೇ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಐವತ್ತು ವರ್ಷ ಊದಿ, ಈಗ ರಸಂ ಮಾಡಲು ಹೊರಟಿರಾ? ಕೆಳಗೆ ಬೇರೆ ಹಾಕಿದ್ದೀರಿ."

"ಕೈ ಜಾರಿತು."

ಒಂದೂವರೆ ಗಂಟೆ ತೊಳೆದು, ಒರೆಸಿ, ಎಣ್ಣೆ ಹಾಕಿದ ಮೇಲೆ ಸ್ಲೈಡ್ ಜಾರಿತು. ಒಂದನೆಯ ಜಾಗ, ಎರಡು, ಮೂರು, ನಾಲ್ಕು. ಐದನೆಯದರ ಹತ್ತಿರ ಕರ್ರೆಂದು ಹಿಡಿಯಿತು. ತಗ್ಗು ಸರಿಯಾಗಿ ಅಲ್ಲಿತ್ತು. ಅವರು ಒಳಗೆ ರಾಡು ತೂರಿಸಿ, ಮಗುವಿನ ಬೆನ್ನು ತಟ್ಟುವಂತೆ ಸುತ್ತಿಗೆಯಿಂದ ಹತ್ತಾರು ಸಲ ತಟ್ಟಿ, ನಿಲ್ಲಿಸಿದರು.

"ಇನ್ನು ಹೊಡೆಯುವುದಿಲ್ಲ. ಹಳೆಯ ಹಿತ್ತಾಳೆ, ಕಾಗದದ ಹಾಗಾಗಿದೆ. ಅವಸರ ಮಾಡಿದರೆ ಹರಿಯುತ್ತೆ. ಎರಡು ದಿನ ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೇನೆ."

"ಇವತ್ತು ಸಂಜೆ ಏಳಕ್ಕೆ."

"ಹಾಗಾದರೆ ನಾಲ್ಕು ಜಾಗದೊಳಗೆ ಸಂಸಾರ ಮಾಡಿ. ಅದರಾಚೆ ಹೋಗಲೇಬೇಕಾದರೆ ಮೆಲ್ಲಗೆ, ಬಹಳ ಮೆಲ್ಲಗೆ. ಹಿಡಿದುಕೊಂಡರೆ ನೂಕಬೇಡಿ. ನೂಕಿದರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಸ್ಟೇಜಿನ ಮೇಲೆ ನಿಂತು ಎಳೆದಾಡುತ್ತಿದ್ದರೆ ನೋಡಲು ಚೆನ್ನಾಗಿರುವುದಿಲ್ಲ ಸಾರ್."

ವಾಪಸು ರೈಲಿನಲ್ಲಿ ಮೂವತ್ತೆರಡು ಆವರ್ತವನ್ನೂ ನಾಲ್ಕು ಜಾಗದೊಳಗೆ ಮತ್ತೆ ಕಟ್ಟಿದೆ. ಒಂದೇ ಸ್ವರ ಬೇರೆ ಬೇರೆ ಕಡೆ ಸಿಗುವುದುಂಟು, ಹಾಗೆ ಕೆಲವನ್ನು ಉಳಿಸಿಕೊಂಡೆ. ಕೆಲವನ್ನು ಬಿಟ್ಟೆ. ಎರಡು ರೈಲು ನಿಲ್ದಾಣಗಳಷ್ಟು ಹೊತ್ತು ಒಂದು ತಿರುವಿಗಾಗಿ ಹುಡುಕಿದೆ. ಎದುರಿನ ಸೀಟಿನ ಹೆಂಗಸು, ಗಾಳಿಯಲ್ಲಿ ಬಲಗೈಯನ್ನು ಹಿಂದೆಮುಂದೆ ಆಡಿಸುತ್ತಿದ್ದ ನನ್ನನ್ನು ನೋಡಿ ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು. ಕೋಡಂಬಾಕ್ಕಂ ಬರುವಾಗ ಎಲ್ಲ ಹೊಂದಿತ್ತು, ಕೊನೆಯ ಸ್ವರ ಒಂದನ್ನು ಬಿಟ್ಟು. ತಗ್ಗಿನ ಎಫ್ ಆರನೆಯ ಜಾಗದಲ್ಲಿ ಮಾತ್ರ ಇದೆ. ಅದಕ್ಕೆ ಬದಲಿಯಿಲ್ಲ. ಮೇಲಿನ ಎಫ್ ಮೊದಲನೆಯ ಜಾಗದಲ್ಲೇ ಸಿಗುತ್ತದೆ, ಕೈ ಚಾಚಬೇಕಾಗಿಲ್ಲ. ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುತ್ತಿದ್ದ ಒಬ್ಬರು, ನನ್ನ ಗುರುಗಳು, ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಮೇಲಿನದ್ದನ್ನೇ ಊದುವುದೆಂದು ನಿಶ್ಚಯಿಸಿದೆ. ಮನಸ್ಸು ಹಗುರಾಗಲಿಲ್ಲ.

ಸಭಾಂಗಣದಲ್ಲಿ ನೂರು ಕುರ್ಚಿ, ಎಂಬತ್ತು ತುಂಬಿದ್ದವು. ಅಕ್ಕ ಮೊದಲ ಸಾಲಿನಲ್ಲಿ ಮೈಸೂರು ರೇಷ್ಮೆಯುಟ್ಟು, ತೊಡೆಯ ಮೇಲೆ ಕೈಚೀಲವಿಟ್ಟುಕೊಂಡು, ವಿಮಾ ಕಚೇರಿಯಲ್ಲಿ ಗಿರಾಕಿಯ ಅರ್ಜಿಗಾಗಿ ಕಾಯುವವಳಂತೆ ಕೂತಿದ್ದಳು. ವೇಗದ ಹಾಡುಗಳಲ್ಲಿ ನಾನು ಹಿಂದೆ ಉಳಿದೆ, ಅದು ಅಭ್ಯಾಸವಾದ ಜಾಗ. ಆಮೇಲೆ ಬಾಸ್ ಹುಡುಗಿ ನನ್ನತ್ತ ತಲೆಯಾಡಿಸಿದಳು. ದೀಪವೊಂದು ನನ್ನ ಮೇಲೆ ಬಂತು. ಹೊಳೆಯುವ ಹಿತ್ತಾಳೆಯಿಂದ ಬೆಳಕು ಚಿಮ್ಮಿ ಪಿಯಾನೋದವನು ಕಣ್ಣು ಕಿರಿದು ಮಾಡಿಕೊಂಡ.

ಮೊದಲ ಎಂಟು ಆವರ್ತ ಭಯದಲ್ಲಿ ಕಳೆದವು. ಎರಡನೆಯ ಎಂಟು ಸರಿಯಾದವು. ನಾಲ್ಕು ಜಾಗದೊಳಗಿನ ಸಂಸಾರ ನಾನು ತಿಳಿದಷ್ಟು ಇಕ್ಕಟ್ಟಾಗಿರಲಿಲ್ಲ. ಮೂರನೆಯ ಎಂಟರಲ್ಲಿ ಎಣಿಸುವುದನ್ನು ಮರೆತೆ. ಐವತ್ತು ವರ್ಷದಲ್ಲಿ ಮೊದಲ ಸಲ ಮರೆತದ್ದು. ಪಿಯಾನೋ ಕೇಳಿ ಜಾಗ ಹಿಡಿದೆ. ಕೊನೆಯ ಆವರ್ತಕ್ಕೆ ಬರುವಾಗ ನಾನು ತಗ್ಗಿನ ಜಿ ಸ್ವರದ ಮೇಲಿದ್ದೆ, ನಾಲ್ಕನೆಯ ಜಾಗದಲ್ಲಿ. ಅಲ್ಲಿಂದ ಮೇಲಿನ ಎಫ್‌ಗೆ ಹಾರುವುದೆಂದು ನಿಶ್ಚಯವಾಗಿತ್ತು. ಹಾರಲು ತುಟಿ ಬಿಗಿಯಾಗಬೇಕು. ತುಟಿ ಬಿಗಿಯಾಗಲಿಲ್ಲ. ಅದು ಕೆಳಗೇ ಇರಬಯಸಿತು. ಉಳಿದದ್ದು ಕೈ.

ನಿಲ್ಲಿಸದೆ, ಅದೇ ಉಸಿರಿನಲ್ಲಿ, ಕೈಯನ್ನು ಹೊರಗೆ ಸರಿಸತೊಡಗಿದೆ. ಮೆಲ್ಲಗೆ, ಬಹಳ ಮೆಲ್ಲಗೆ. ಸ್ವರ ಎಣ್ಣೆಯಂತೆ ಕೆಳಗಿಳಿಯಿತು. ಐದನೆಯದರ ಬಳಿ ಬೆರಳಿಗೆ ತಗ್ಗು ಸಿಕ್ಕಿತು. ಸ್ಲೈಡ್ ನಿಂತಿತು. ನಾನು ನೂಕಲಿಲ್ಲ. ಇಳಿಯಬೇಕಾದ ಸ್ವರ ಇಳಿಯದೆ ನಡುವೆ ತೂಗಾಡಿತು. ಡ್ರಮ್ಸಿನವನು ಸವರಿ ನುಡಿಸುವ ಕುಂಚ ಎತ್ತಿ ಹಾಗೇ ಹಿಡಿದ. ಎಷ್ಟು ಹೊತ್ತು ಎಂದು ಕೇಳಬೇಡಿ, ಎಣಿಕೆ ಬಿಟ್ಟುಹೋಗಿತ್ತು. ಉಸಿರು ತಳ ಹಿಡಿಯುತ್ತ ಬಂತು. ಮಣಿಕಟ್ಟನ್ನು ಸಡಿಲ ಬಿಟ್ಟೆ. ಕೊಳವೆ ತನ್ನ ಭಾರಕ್ಕೇ ಒಂದು ಕೂದಲೆಳೆಯಷ್ಟು ತಿರುಗಿ, ತಗ್ಗನ್ನು ದಾಟಿ, ಹೊರಟುಹೋಯಿತು. ತೋಳು ಚಾಚಿಕೊಂಡಿತು. ಎಫ್ ಬಂತು. ನನ್ನಲ್ಲಿ ಉಳಿದದ್ದೇ ಒಂದು ಗುಟುಕು ಗಾಳಿ, ಅಷ್ಟೇ ಹೊತ್ತು ಅದು ಇತ್ತು.

ಚಪ್ಪಾಳೆ ಹೊಡೆದರು. ಬಾಸ್ ಹುಡುಗಿ ಹತ್ತಿರ ಬಂದು, "ಅಂಕಲ್, ಆ ಎಂಡಿಂಗ್. ಅಷ್ಟು ಹೊತ್ತು ಕಾಯಿಸಿಬಿಟ್ಟಿರಿ. ನಮಗ್ಯಾರಿಗೂ ಆ ಧೈರ್ಯ ಇಲ್ಲ" ಎಂದಳು. ಧೈರ್ಯ ಎಂಬ ಪದವನ್ನು ನಾನು ತಿದ್ದಲಿಲ್ಲ.

ಆಟೋದಲ್ಲಿ ಪೆಟ್ಟಿಗೆಯನ್ನು ನಮ್ಮಿಬ್ಬರ ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದೆವು. ಆಟೋದ ಮುಂದೆ ಕಟ್ಟಿದ್ದ ಪೂಜೆಯ ಬಾಳೆಕಂದು ಬಾಡಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಮೇಲುಸೇತುವೆ ಹತ್ತುವಾಗ ಅಕ್ಕ ಹೇಳಿದಳು:

"ಕಡೇಲಿ ನಿನ್ನ ಕೈ ತಡೀತು."

"ಅದು ಹಾಗೇ ನುಡಿಸುವುದು."

"ಸುಳ್ಳು. ನಿತ್ಯ ತಡೀತಿರ್ಲಿಲ್ಲ. ಕೈ ಸೀದಾ ಹೋಗ್ತಿತ್ತು, ಕಿಟಕಿ ಸರಳಿಗೆ ತಾಗುವಷ್ಟು. ನಲವತ್ತು ವರ್ಷದಿಂದ ಕಾಣ್ತಾ ಇದ್ದೇನೆ."

"ನೀನು ಬಾಗಿಲು ಹಾಕಿಕೊಳ್ತಿದ್ದೆಯಲ್ಲ."

"ಪೂರ್ತಿ ಎಲ್ಲಿ ಹಾಕ್ತಿದ್ದೆ? ಮುಂದೆ ಮಾಡ್ತಿದ್ದೆ. ಸಂದಿ ಇರ್ತಿತ್ತು." ಅವಳು ಪೆಟ್ಟಿಗೆಯ ಕೊಂಡಿಯನ್ನು ಬೆರಳಿನಿಂದ ಒತ್ತಿದಳು, ಅದು ಮುಚ್ಚಿಯೇ ಇತ್ತು. "ಆ ಕಲ್ಲಿನ ಮೇಲೆ ಕೈ ಜಾರಿತು ಮಾರಾಯ. ಹುಣಸೆ ನೀರಿನ ಕೈ. ಠಣ್ ಅಂತ ಸದ್ದು ಬಂತು. ಹೇಳುವ ಅಂತಿದ್ದೆ. ನೀನು ಗಳಿಗೆಗೊಮ್ಮೆ ಬಂದು ಕೈ ಮುಗೀತಾ ಇದ್ದೆ. ಹೇಗೆ ಹೇಳುದು?"

"ಗೊತ್ತಿತ್ತು."

"ಗೊತ್ತಿದ್ದೂ ಕೇಳ್ಲಿಲ್ಲ."

ಆಟೋ ಸೇತುವೆ ಇಳಿಯಿತು. ರಸ್ತೆಯಲ್ಲಿ ಒಡೆದ ಬೂದುಗುಂಬಳದ ತುಂಡುಗಳನ್ನು ತಪ್ಪಿಸಲು ಡ್ರೈವರ್ ಹಾವಿನಂತೆ ತಿರುಗಿಸಿದ. ನಾವಿಬ್ಬರೂ ಒಟ್ಟಿಗೆ ಪೆಟ್ಟಿಗೆಯನ್ನು ಹಿಡಿದುಕೊಂಡೆವು.

"ಬರುವ ವರ್ಷ ಹೊರಗೇ ಇಡುವ" ಎಂದಳು ಅಕ್ಕ. "ಅಮ್ಮ ಹೇಳಿದ್ದೇ ಸರಿ."

"ಬೇಡ. ಒಳಗೇ ಇರಲಿ. ತೊಳೆಯುವುದು ಮಾತ್ರ ನಾನು ತೊಳೆಯುತ್ತೇನೆ."

ಅವಳು ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ನೀನು ತೊಳೆದ್ರೆ ಎಂಜಲು ಪೂರ್ತಿ ಹೋಗುದಿಲ್ಲ" ಎಂದಳು. "ಹೋಗ್ಲಿ. ನಾನು ಹತ್ರ ನಿಂತು ನೋಡ್ತೇನೆ."